ಪೈ ಟೌನ್‌ನಿಂದ ಸಿಲ್ವರ್ ಸಿಟಿ: 300 ಕಿ.ಮೀ.ಗೆ ಚೀಲದಲ್ಲಿ ಏನು ತುಂಬಿಕೊಳ್ಳಲಿ?

ಕೋಥರೂಡ್ ಸೈಕಲ್ಲು · ಫೆಬ್ರವರಿ 2, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು, ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಈ ಜೂನ್‌ನಲ್ಲಿ ಟೂರ್ ಡಿವೈಡ್ ಸೈಕಲ್ ರೇಸ್‌ಗೆ ಹೊರಟಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯ ಆಂಟಿಲೋಪ್ ವೆಲ್ಸ್‌ವರೆಗೆ, ರಾಕಿ ಪರ್ವತಗಳ ಬೆನ್ನಗುಂಟ ಸುಮಾರು 4,400 ಕಿ.ಮೀ. ಜಾಸ್ತಿ ಪಾಲು ಮಣ್ಣಿನ ದಾರಿ. ಜೂನ್ ತಿಂಗಳ ಎರಡನೇ ಶುಕ್ರವಾರ ಹೊರಡುವುದು ವಾಡಿಕೆ. ಪ್ರವೇಶ ಶುಲ್ಕ ಇಲ್ಲ, ಬಹುಮಾನವೂ ಇಲ್ಲ. ಹಿಂದೆ ಗಾಡಿ ಬರುವ ಹಾಗಿಲ್ಲ, ಗೆಳೆಯರು ದಾರಿಯಲ್ಲಿ ಬುತ್ತಿ ಹಿಡಿದು ನಿಲ್ಲುವ ಹಾಗಿಲ್ಲ. ಎಲ್ಲರಿಗೂ ಸಿಗುವ ಅಂಗಡಿ, ಹೋಟೆಲು, ಅಂಚೆ ಕಚೇರಿ ಇಷ್ಟೇ ಗತಿ. 2016ರಲ್ಲಿ ಮೈಕ್ ಹಾಲ್ ಇದನ್ನು 13 ದಿನ 22 ಗಂಟೆ 51 ನಿಮಿಷಕ್ಕೆ ಮುಗಿಸಿದ್ದರು. ನನ್ನ ಲೆಕ್ಕ 25 ದಿನ. ದಿನಕ್ಕೆ 176 ಕಿ.ಮೀ.

ಕಾಲಿನ ಬಗ್ಗೆ ಚಿಂತೆ ಇಲ್ಲ. ಹೊಟ್ಟೆಯ ಬಗ್ಗೆ ಇದೆ. ನಾನು ಮಾಡಿರುವುದು 600 ಕಿ.ಮೀ. ಬ್ರೆವೆ, ಅಂದರೆ 40 ಗಂಟೆಯ ಗಡುವಿನ ದೂರದ ಸೈಕಲ್ ಸವಾರಿ. ಅಲ್ಲಿ ಅರ್ಧ ಗಂಟೆಗೊಂದು ಟಪರಿ. ವಡಾಪಾವ್, ಚಹಾ, ಮುಂದೆ ನಡಿ. ಇಲ್ಲಿ ಹಾಗಲ್ಲ. ವಯೋಮಿಂಗ್‌ನ ಗ್ರೇಟ್ ಬೇಸಿನ್‌ನಲ್ಲಿ ಅಟ್ಲಾಂಟಿಕ್ ಸಿಟಿ ಅನ್ನುವ ಪುಟ್ಟ ಊರು ಬಿಟ್ಟರೆ ರಾಲಿನ್ಸ್‌ವರೆಗೆ ಹೆಚ್ಚುಕಡಿಮೆ 215 ಕಿ.ಮೀ. ಬಯಲು. ನ್ಯೂ ಮೆಕ್ಸಿಕೊದಲ್ಲಿ ಪೈ ಟೌನ್‌ನಿಂದ ಸಿಲ್ವರ್ ಸಿಟಿಗೆ ಸುಮಾರು 300 ಕಿ.ಮೀ., ನಡುವೆ ಒಂದು ಕಿರಾಣಿ ಅಂಗಡಿಯೂ ಇಲ್ಲ.

ಎಕ್ಸೆಲ್ ಶೀಟ್ ಮಾಡಿದ್ದೇನೆ. ಊರು, ಮುಂದಿನ ಊರಿಗೆ ದೂರ, ಏರು ಎಷ್ಟು, ಏನೇನು ಅಂಗಡಿ. ನಾಲ್ಕು ಕಾಲಂ, ಎಪ್ಪತ್ತು ಸಾಲು. ನಾನು ಸಸ್ಯಾಹಾರಿ, ಮೊಟ್ಟೆಯೂ ತಿನ್ನುವುದಿಲ್ಲ. ಹಾಲು, ಮೊಸರು, ಚೀಸ್ ನಡೆಯುತ್ತದೆ. ಯಾರಾದರೂ ಈ ದಾರಿಯಲ್ಲಿ ಹೋಗಿದ್ದರೆ ದಯವಿಟ್ಟು ಹೇಳಿ, ಏನು ಬಿಟ್ಟಿದ್ದೇನೆ?

ಮುಲುಂಡ್ ಬ್ರೆವೆ · ಫೆಬ್ರವರಿ 2, ರಾತ್ರಿ 11:05

ಮೊದಲು ಅಭಿನಂದನೆ. ಆಮೇಲೆ ಬೈಗುಳ. ಎಪ್ಪತ್ತು ಸಾಲಿನ ಶೀಟ್ ಲ್ಯಾಪ್‌ಟಾಪ್‌ನಲ್ಲಿ ಚೆಂದ. ಮಳೆಯಲ್ಲಿ, ಗ್ಲೌಸ್ ಹಾಕಿಕೊಂಡ ಕೈಯಲ್ಲಿ, ನಿದ್ದೆಗಣ್ಣಲ್ಲಿ ಮೊಬೈಲ್ ತೆಗೆದು ಅದನ್ನು ಓದುತ್ತೀರಾ? ಮುಂದಿನ ಮೂರು ಊರು ಮಾತ್ರ ಒಂದು ಚೀಟಿಯಲ್ಲಿ ಬರೆದು, ಮೇಲೆ ಸೆಲ್ಲೋಟೇಪ್ ಒತ್ತಿ ಹ್ಯಾಂಡಲ್ ಹತ್ತಿರ ಅಂಟಿಸಿ. ಮುಗಿದ ಹಾಗೆ ಕಿತ್ತೆಸೆದು ಹೊಸದು ಬರೆಯಿರಿ.

ನನ್ನ ಅನುಭವ ಡಾಂಬರು ರಸ್ತೆಯದು. ಆದರೂ ಹೇಳುತ್ತೇನೆ, ಅಷ್ಟು ಯೋಚನೆ ಮಾಡಬೇಡಿ. ಅಮೆರಿಕದ ಪೆಟ್ರೋಲ್ ಬಂಕ್‌ನಲ್ಲಿ ಒಂದು ಸಣ್ಣ ಮದುವೆ ಊಟಕ್ಕಾಗುವಷ್ಟು ಸಾಮಾನು ಸಿಗುತ್ತದೆ.

ಪಣಜಿ ಪೆಡಲ್ · ಫೆಬ್ರವರಿ 3, ಬೆಳಿಗ್ಗೆ 7:40

ಮುಲುಂಡ್ ಅವರೇ, ಪೆಟ್ರೋಲ್ ಬಂಕ್ ಇರುವ ಕಡೆ ಸರಿ. ಬಂಕೇ ಇಲ್ಲದ ಕಡೆಯ ಪ್ರಶ್ನೆ ಅಲ್ವಾ ಇದು?

ನಾನು ಮೂಲ ಶಿರಸಿ ಕಡೆಯವನು, ಈಗ ಗೋವಾ. ಈ ರೇಸ್ ಮುಗಿಸಿದ್ದೇನೆ, 29 ದಿನದಲ್ಲಿ. ಅದರಲ್ಲಿ ಎರಡು ದಿನ ಬರೀ ಹಸಿವಿನ ಲೆಕ್ಕಕ್ಕೆ ಹೋಯಿತು. ಅದನ್ನೇ ಹೇಳುತ್ತೇನೆ.

ನಿಮ್ಮ ಶೀಟ್‌ನಲ್ಲಿ ಒಂದು ಕಾಲಂ ಇಲ್ಲ. ನನ್ನದರಲ್ಲೂ ಇರಲಿಲ್ಲ. ಅಂಗಡಿ ಎಷ್ಟಕ್ಕೆ ಬಾಗಿಲು ಹಾಕುತ್ತದೆ? ಯಾವ ವಾರ ರಜೆ? ಪುಣೆಯಲ್ಲಿ ಒಂಬತ್ತು ವರ್ಷ ಇದ್ದೀರಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಕರವಡಿ ತರಲು ಹೋಗಿ ಶಟರ್ ನೋಡಿಕೊಂಡು ವಾಪಸ್ ಬಂದಿಲ್ವಾ? ನಮ್ಮ ಗೋವಾದಲ್ಲೂ ಅದೇ ಕಥೆ. ಊಟ, ನಿದ್ದೆ, ಆಮೇಲೆ ವ್ಯಾಪಾರ. ನಕ್ಷೆಯಲ್ಲಿ ಅಂಗಡಿ ಇರುತ್ತದೆ. ಅಂಗಡಿಯಲ್ಲಿ ಅಕ್ಕಿಯೂ ಇರುತ್ತದೆ. ಬಾಗಿಲಿಗೆ ಬೀಗವೂ ಇರುತ್ತದೆ.

ನಾನು ಪೈ ಟೌನ್ ತಲುಪಿದ್ದು ಸಂಜೆ. ಇಡೀ ದಿನ ಆ ಹೆಸರನ್ನೇ ಜಪಿಸುತ್ತಾ ಬಂದಿದ್ದೆ. ಸೇಬಿನ ಪೈ, ಮೇಲೆ ಐಸ್‌ಕ್ರೀಮ್. ಹೋಗಿ ನೋಡಿದರೆ ಮುಚ್ಚಿದೆ. ಅಲ್ಲಿನ ಕೆಫೆಗಳು ವಾರದಲ್ಲಿ ಕೆಲವೇ ದಿನ, ಅದೂ ಮಧ್ಯಾಹ್ನದವರೆಗೆ ಮಾತ್ರ. ಮರುದಿನವೂ ರಜೆ ಅಂತ ಬೋರ್ಡ್. ಆ ಊರಿನಲ್ಲಿ ಗೇಟಿಗೆ ಹಳೇ ಟೋಸ್ಟರ್‌ಗಳನ್ನು ನೇತುಹಾಕಿರುವ ಒಂದು ಮನೆ ಇದೆ. ನಡೆದು ಹೋಗುವವರು, ಸೈಕಲ್‌ನವರು ಉಳಿದುಕೊಳ್ಳುತ್ತಾರೆ. ಟೋಸ್ಟರ್ ಹೌಸ್ ಅಂತಲೇ ಹೆಸರು. ಅಲ್ಲಿ ಯಾರೋ ಬಿಟ್ಟು ಹೋದ ಅರ್ಧ ಡಬ್ಬಿ ಪೀನಟ್ ಬಟರ್, ನಾಲ್ಕು ಟೋರ್ಟಿಯಾ ಸಿಕ್ಕಿತು. ಅಷ್ಟು ಹಿಡಿದುಕೊಂಡು 300 ಕಿ.ಮೀ.ಗೆ ಹೊರಟೆ. ದಡ್ಡತನ.

ಗೀಲಾ ಕಾಡಿನ ಏರಿಳಿತದಲ್ಲಿ ಎರಡನೇ ದಿನ ಮಧ್ಯಾಹ್ನ ಎಲ್ಲ ಖಾಲಿ. ಒಂದು ಪೈನ್ ಮರದ ಕೆಳಗೆ ಕೂತು ಪೀನಟ್ ಬಟರ್ ಡಬ್ಬಿಯ ಮೂಲೆಯಲ್ಲಿ ಉಳಿದದ್ದನ್ನು ಟೈರ್ ಕಳಚುವ ಪಟ್ಟಿ, ಅಂದರೆ ಟೈರ್ ಲಿವರ್‌ನಿಂದ ಕೆರೆದು ನೆಕ್ಕಿದೆ. ಲಿವರ್ ಮೇಲೆ ಟ್ಯೂಬ್‌ಲೆಸ್ ಸೀಲಂಟ್, ಅಂದರೆ ಟೈರಿನ ತೂತು ಮುಚ್ಚುವ ದ್ರವ, ಒಣಗಿತ್ತು. ಅದರ ರುಚಿಯೂ ಗೊತ್ತಾಯಿತು. ಆಮೇಲೆ ಏರು ಬಂದಾಗಲೆಲ್ಲ ಇಳಿದು ತಳ್ಳಿದೆ. ಸಿಲ್ವರ್ ಸಿಟಿಗೆ 52 ಗಂಟೆ.

ಕೋಥರೂಡ್ ಸೈಕಲ್ಲು · ಫೆಬ್ರವರಿ 3, ಬೆಳಿಗ್ಗೆ 8:15

ಸರ್, ಓದಿ ಹೊಟ್ಟೆ ಚುರುಕ್ ಅಂತು. ಈಗಲೇ ಕಾಲಂ ಸೇರಿಸುತ್ತಿದ್ದೇನೆ. ಆದರೆ ಒಂದು ಸಮಸ್ಯೆ. ನಾನು ಯಾವ ಊರಿಗೆ ಯಾವ ವಾರ, ಎಷ್ಟು ಗಂಟೆಗೆ ತಲುಪುತ್ತೇನೆ ಅಂತ ಈಗಲೇ ಹೇಗೆ ಗೊತ್ತಾಗಬೇಕು? ಹತ್ತು ದಿನದ ಹೊತ್ತಿಗೆ ಲೆಕ್ಕ ಒಂದು ದಿನ ಆಚೀಚೆ ಆಗೇ ಆಗುತ್ತದೆ.

ಪಣಜಿ ಪೆಡಲ್ · ಫೆಬ್ರವರಿ 3, ಮಧ್ಯಾಹ್ನ 1:30

ಗೊತ್ತಾಗುವುದಿಲ್ಲ. ಅದಕ್ಕೇ ಪೂರ್ತಿ ದಾರಿಯ ವೇಳಾಪಟ್ಟಿ ಬೇಡ. ಪ್ರತಿ ಅಂಗಡಿಯ ಸಮಯ ಬರೆದಿಟ್ಟುಕೊಳ್ಳಿ. ಅಂಗಡಿಯಿಂದ ಹೊರಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮುಂದಿನದು ಮುಚ್ಚಿದ್ದರೆ ಅದರ ಮುಂದಿನದರವರೆಗೆ ಸಾಕಾಗುತ್ತದಾ? ಆಗಲ್ಲ ಅಂದರೆ ಇಲ್ಲೇ ಇನ್ನೊಂದು ಚೀಲ ತುಂಬಿಸಿ. ಎಲ್ಲ ಕಡೆ ಹೀಗೆ ಮಾಡಿದರೆ ಭಾರ ಜಾಸ್ತಿ. ನಾಲ್ಕೈದು ಜಾಗದಲ್ಲಿ ಮಾತ್ರ ಮಾಡಿ. ಪೈ ಟೌನ್‌ಗೆ ಬೇಕಾದ್ದನ್ನು ಹಿಂದಿನ ಊರು ಗ್ರಾಂಟ್ಸ್‌ನಲ್ಲೇ ಕೊಳ್ಳಬೇಕಿತ್ತು ನಾನು. ಅಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಇದೆ. ಪೈ ಆಸೆಗೆ ಬಿದ್ದು ಎರಡು ಬಾಳೆಹಣ್ಣು ತಗೊಂಡು ಹೊರಟಿದ್ದೆ.

ಚಿಂಚವಡದ ಅಕ್ಕ · ಫೆಬ್ರವರಿ 3, ರಾತ್ರಿ 9:10

ನಾನು ಧಾರವಾಡದವಳು. ಆಹಾರ ತಜ್ಞೆ ಅಂತ ಕೆಲಸ. ಸೈಕಲ್ ಅಂದರೆ ಮಗಳನ್ನು ಶಾಲೆಗೆ ಬಿಟ್ಟು ಬರುವಷ್ಟು ಮಾತ್ರ. ಆದರೆ ಲೆಕ್ಕ ಹಾಕಿ ಕೊಡಬಲ್ಲೆ ತಮ್ಮಾ.

ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ 400ರಿಂದ 500 ಗ್ರಾಂ. ಅಂದರೆ ಹೆಚ್ಚುಕಡಿಮೆ 2,000 ಕ್ಯಾಲೊರಿ. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ನಿಧಾನಕ್ಕೆ ಉರಿಯುವ ಕಟ್ಟಿಗೆ. ಕರುಳು ಬರೀ ಗ್ಲೂಕೋಸ್ ಆದರೆ ಗಂಟೆಗೆ 60 ಗ್ರಾಂ ಹೀರಿಕೊಳ್ಳುತ್ತದೆ. ಜೊತೆಗೆ ಫ್ರಕ್ಟೋಸ್ ಇದ್ದರೆ 90ರವರೆಗೆ ಹೋಗಬಹುದು, ಅದಕ್ಕೂ ಅಭ್ಯಾಸ ಬೇಕು. ಬೆಲ್ಲ, ಸಕ್ಕರೆಯಲ್ಲಿ ಎರಡೂ ಇವೆ. ನೀನು ಖರ್ಚು ಮಾಡಿದ್ದನ್ನೆಲ್ಲ ಅದೇ ದಿನ ತಿಂದು ತುಂಬಿಸಲು ಆಗುವುದಿಲ್ಲ. ಗಂಟೆಗೆ 250 ಕ್ಯಾಲೊರಿ ಒಳಗೆ ಹೋದರೆ ಗಾಡಿ ನಡೆಯುತ್ತದೆ.

ದೂರದ ಲೆಕ್ಕ ಬಿಡು, ಗಂಟೆಯ ಲೆಕ್ಕ ಹಿಡಿ. ಆ 300 ಕಿ.ಮೀ.ಗೆ ಸೀಟಿನ ಮೇಲೆ 30 ಗಂಟೆ ಅಂತಿಟ್ಟುಕೋ. 7,500 ಕ್ಯಾಲೊರಿ. ನಡುವೆ ಒಂದು ರಾತ್ರಿಯ ಊಟಕ್ಕೆ 1,000. ಒಟ್ಟು 8,500. ಈಗ ತೂಕ ನೋಡು. ಬಾಳೆಹಣ್ಣು 100 ಗ್ರಾಂಗೆ 90 ಕ್ಯಾಲೊರಿ, ಒಂಬತ್ತೂವರೆ ಕೆಜಿ ಹೊರಬೇಕು. ಬೆಲ್ಲ 380, ಎರಡೂಕಾಲು ಕೆಜಿ. ಪಾರ್ಲೆ-ಜಿ ತರಹದ ಬಿಸ್ಕೆಟ್ ಸುಮಾರು 450, ಎರಡು ಕೆಜಿ ಹತ್ತಿರ. ಶೇಂಗಾ 567, ಒಂದೂವರೆ ಕೆಜಿ. ತುಪ್ಪ 900, ಒಂದು ಕೆಜಿಯೂ ಬೇಡ. ಆದರೆ ಬರೀ ತುಪ್ಪ ಕುಡಿದು ಬೆಟ್ಟ ಹತ್ತಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ನನ್ನ ಸಲಹೆ ಕರದಂಟು. ನಗಬೇಡಿ. ಬೆಲ್ಲ, ಅಂಟು, ಉತ್ತತ್ತಿ, ಕೊಬ್ಬರಿ, ಗೋಡಂಬಿ, ತುಪ್ಪ. ನೀರಿನಂಶ ಕಡಿಮೆ. ಅಂಗಡಿಯ ಎನರ್ಜಿ ಬಾರ್‌ನಲ್ಲಿ ಇರುವುದೂ ಇಂಥದ್ದೇ, ಬೆಲೆ ಮಾತ್ರ ಬೇರೆ. ಗೋಕಾಕದವರು, ಅಮೀನಗಡದವರು ಇದನ್ನು ಯಾವತ್ತಿನಿಂದಲೋ ಮಾಡುತ್ತಿದ್ದಾರೆ.

ಮುಲುಂಡ್ ಬ್ರೆವೆ · ಫೆಬ್ರವರಿ 3, ರಾತ್ರಿ 9:45

ಅಕ್ಕ, ಕರದಂಟು ಒಳ್ಳೆಯದೇ. ಆದರೆ ಡಿಸೆಂಬರ್ ಚಳಿಯಲ್ಲಿ ಬೆಳಗಿನ ಜಾವ ಕಚ್ಚಿ ನನ್ನ ಹಲ್ಲಿನ ಫಿಲ್ಲಿಂಗ್ ಹೊರಗೆ ಬಂದಿತ್ತು. ಮುಂದಿನ 180 ಕಿ.ಮೀ. ಬರೀ ಚಹಾ, ಬಿಸ್ಕೆಟ್. ಮನೆಯಲ್ಲೇ ಸುಪಾರಿ ಗಾತ್ರಕ್ಕೆ ಕತ್ತರಿಸಿಕೊಂಡು ಹೋಗಲಿ. ಜರ್ಸಿ ಜೇಬಿನಲ್ಲಿ ಮೈಗೆ ತಾಗಿಸಿಟ್ಟುಕೊಂಡರೆ ಮೆತ್ತಗಾಗುತ್ತದೆ.

ಮಾಟುಂಗಾ ಮಾಣಿ · ಫೆಬ್ರವರಿ 4, ರಾತ್ರಿ 12:30

ಹೋಟೆಲ್ ಮುಚ್ಚಿ ಬಂದು ಓದಿದೆ. ನನಗೂ ಸೈಕಲ್‌ಗೂ ಸಂಬಂಧ ಇಲ್ಲ ಮಾರಾಯ್ರೆ. ಆದರೆ ತಿಂಡಿ ಹೇಗೆ ಕೆಡುತ್ತದೆ ಅಂತ 26 ವರ್ಷದಿಂದ ನೋಡುತ್ತಿದ್ದೇನೆ.

ನೀರು ಇದ್ದಲ್ಲಿ ಹಾಳು. ಅಷ್ಟೇ ಸೂತ್ರ. ಚಪಾತಿ ಎರಡನೇ ದಿನಕ್ಕೆ ಬೂಸಲು. ಪುಳಿಯೋಗರೆ ಗೊಜ್ಜು ತಿಂಗಳು ನಿಲ್ಲುತ್ತದೆ, ಹುಣಸೆ ಹುಳಿ ಇದೆ, ಎಣ್ಣೆ ಇದೆ, ನೀರು ಬತ್ತಿದೆ. ಅವಲಕ್ಕಿ ಹುರಿದು ಒಗ್ಗರಣೆ ಹಾಕಿದರೆ ನಿಲ್ಲುತ್ತದೆ, ಆದರೆ ಈರುಳ್ಳಿ ಹಾಕಬೇಡಿ.

ಇನ್ನೊಂದು ಮಾತು. ಎಲ್ಲರೂ ಸಿಹಿಯನ್ನೇ ಹೇಳುತ್ತಿದ್ದೀರಿ. ನಮ್ಮಲ್ಲಿ ಮದುವೆ ಅಡುಗೆಗೆ ಹೋದ ಭಟ್ಟರು ಮೂರನೇ ದಿನ ಹೋಳಿಗೆ ಮುಖ ನೋಡುವುದಿಲ್ಲ. ಗಂಜಿ, ಉಪ್ಪಿನಕಾಯಿ ಕೇಳುತ್ತಾರೆ. ಇವರಿಗೆ 25 ದಿನ!

ಪಣಜಿ ಪೆಡಲ್ · ಫೆಬ್ರವರಿ 4, ಬೆಳಿಗ್ಗೆ 6:55

ಮಾಣಿಯವರು ಸರಿಯಾದ ಜಾಗಕ್ಕೆ ಕೈ ಹಾಕಿದರು. ಆರನೇ ದಿನಕ್ಕೆ ನನಗೆ ಚಾಕಲೇಟ್ ಕವರ್ ಹರಿಯುವ ಸದ್ದು ಕೇಳಿದರೂ ವಾಕರಿಕೆ. ಬಾಯಿ ತುಂಬ ಹುಣ್ಣು. ಸಕ್ಕರೆ, ಒಣಗಿದ ಬಾಯಿ, ಮೇಲೆ ಚಿಪ್ಸ್ ಚುಚ್ಚುವುದು. ಚೀಲದಲ್ಲಿ ತಿಂಡಿ ಇದೆ, ತಿನ್ನಲು ಆಗುತ್ತಿಲ್ಲ. ಅಂಥ ತಿಂಡಿ ಬರೀ ಭಾರ. ಅರ್ಧ ಖಾರ, ಅರ್ಧ ಸಿಹಿ ಇರಲಿ. ಹುಣಸೆ ಗಟ್ಟಿ ನಾಲ್ಕು ಇಟ್ಟುಕೊಳ್ಳಿ, ಚಿನ್ನ ಅದು.

ಸಸ್ಯಾಹಾರಕ್ಕೆ ಬಂದರೆ, ಟೋರ್ಟಿಯಾ ನಿಮ್ಮ ಚಪಾತಿ. ಪ್ಯಾಕೆಟ್‌ನದು ದಿನಗಟ್ಟಲೆ ಕೆಡುವುದಿಲ್ಲ, ಮಡಚಿದರೂ ಮುರಿಯುವುದಿಲ್ಲ. ಅದಕ್ಕೆ ಪೀನಟ್ ಬಟರ್, ಚೀಸ್ ತುಂಡು, ಆಲೂ ಚಿಪ್ಸ್ ಪುಡಿ. ಬೀನ್ಸ್ ಬುರ್‍ರಿಟೊ ಅಂತ ಕೊಂಡಾಗ ಹಿಂದೆ ಓದಿ, ಕೆಲವದರಲ್ಲಿ ಹಂದಿ ಕೊಬ್ಬು ಇರುತ್ತದೆ. ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್, ಅದೂ ಪ್ರಾಣಿಯದೇ. ಮೇಲೆ ಸಕ್ಕರೆ ಲೇಪ ಇರುವ ಪಾಪ್-ಟಾರ್ಟ್‌ನಲ್ಲೂ ಜೆಲಟಿನ್ ಇದೆ, ಲೇಪ ಇಲ್ಲದ್ದರಲ್ಲಿ ಇಲ್ಲ. ಸುಸ್ತಾದಾಗ ಓದಲು ಬೇಜಾರು. ಅದಕ್ಕೆ ಹೊರಡುವ ಮೊದಲೇ ತಿನ್ನಬಹುದಾದ ಹತ್ತು ಸಾಮಾನಿನ ಪಟ್ಟಿ ಬಾಯಿಪಾಠ ಮಾಡಿಕೊಳ್ಳಿ.

ಕೋಥರೂಡ್ ಸೈಕಲ್ಲು · ಫೆಬ್ರವರಿ 4, ಬೆಳಿಗ್ಗೆ 9:30

ಅದ್ಭುತ. ಎರಡು ಪ್ರಶ್ನೆ. ಒಂದು, ಕರದಂಟು, ಚಟ್ನಿ ಪುಡಿ, ಖಡಕ್ ರೊಟ್ಟಿ ಎಲ್ಲ ಪೊಟ್ಟಣ ಕಟ್ಟಿ ಅಲ್ಲಿನ ಅಂಚೆ ಕಚೇರಿಗಳಿಗೆ ಕಳಿಸಿಟ್ಟರೆ? ಎರಡು, ಖಡಕ್ ರೊಟ್ಟಿ ಒಳ್ಳೆಯ ಐಡಿಯಾನಾ?

ಪಣಜಿ ಪೆಡಲ್ · ಫೆಬ್ರವರಿ 4, ಮಧ್ಯಾಹ್ನ 2:10

ಅಂಚೆಗೆ ಕಳಿಸಬಹುದು. ಅಮೆರಿಕದಲ್ಲಿ ಜನರಲ್ ಡೆಲಿವರಿ ಅಂತ ಇದೆ, ನಿಮ್ಮ ಹೆಸರು, ಊರು, ಪಿನ್ ಕೋಡ್ ಬರೆದರೆ ಕಚೇರಿಯಲ್ಲೇ ಇಟ್ಟಿರುತ್ತಾರೆ, ಸಾಮಾನ್ಯವಾಗಿ 30 ದಿನದವರೆಗೆ. ಆದರೆ ಭಾನುವಾರ ರಜೆ. ಸಣ್ಣ ಊರಿನಲ್ಲಿ ಶನಿವಾರ ತೆರೆದರೂ ಸ್ವಲ್ಪ ಹೊತ್ತು ಅಷ್ಟೇ. ಶನಿವಾರ ಸಂಜೆ ತಲುಪಿದಿರೋ, ನಿಮ್ಮ ಕರದಂಟು ಗಾಜಿನ ಆಚೆ, ನೀವು ಈಚೆ, ಸೋಮವಾರದವರೆಗೆ. ಮತ್ತೆ ಅದೇ ಕಾಲಂ ನೋಡಿ. ಒಂದೇ ಒಂದು ಪಾರ್ಸೆಲ್ ಇಡಿ, ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಸಾಮಾನಿನದು. ಹೊಸ ಟೈರ್, ಚಟ್ನಿ ಪುಡಿ, ಹೀಗೆ.

ದಾರಿಯಲ್ಲಿ ಗಡಿ ದಾಟುತ್ತೀರಿ, ಮರೆಯಬೇಡಿ. ರೂಸ್‌ವಿಲ್ ಅನ್ನುವಲ್ಲಿ ಕೆನಡಾದಿಂದ ಮೊಂಟಾನಾಕ್ಕೆ. ತಿನ್ನುವ ಪದಾರ್ಥ ಏನಿದ್ದರೂ ಹೇಳಲೇಬೇಕು. ತಾಜಾ ಹಣ್ಣನ್ನು ಗಡಿಯ ಮೊದಲೇ ಹೊಟ್ಟೆಗೆ ಹಾಕಿಕೊಳ್ಳಿ.

ಅಂದಹಾಗೆ ಕರಡಿ. ಉತ್ತರದ ಅರ್ಧ ದಾರಿ ಗ್ರಿಜ್ಲಿ ಕರಡಿಯ ಸೀಮೆ. ರಾತ್ರಿ ತಿಂಡಿಯನ್ನು ಟೆಂಟ್‌ನೊಳಗೆ ಇಡುವ ಹಾಗಿಲ್ಲ. ಸುಮಾರು 90 ಮೀಟರ್ ದೂರದಲ್ಲಿ ಮರಕ್ಕೆ ಎತ್ತರದಲ್ಲಿ ನೇತುಹಾಕಬೇಕು, ಟೂತ್‌ಪೇಸ್ಟ್ ಸಮೇತ. ಬೆಳ್ಳುಳ್ಳಿ ಚಟ್ನಿ ಪುಡಿ ತಲೆದಿಂಬಿನ ಕೆಳಗಿಟ್ಟು ಮಲಗಿದರೆ ಅದು ಕರಡಿಗೆ ಲಗ್ನಪತ್ರಿಕೆ.

ಚಿಂಚವಡದ ಅಕ್ಕ · ಫೆಬ್ರವರಿ 4, ರಾತ್ರಿ 8:50

ಖಡಕ್ ರೊಟ್ಟಿ ತಿಂಗಳು ಕೆಡುವುದಿಲ್ಲ, ನಿಜ. ಆದರೆ ಜಾಗ ತಿನ್ನುತ್ತದೆ, ಕುಲುಕಿದರೆ ಪುಡಿ. ಆಗಲಿ ಬಿಡು. ಮನೆಯಲ್ಲೇ ಮುರಿದು ಜಿಪ್ ಚೀಲಕ್ಕೆ ತುಂಬಿಕೋ. ಮೊಸರು ಸಿಕ್ಕ ಕಡೆ ರೊಟ್ಟಿ ಪುಡಿ, ಶೇಂಗಾ ಹಿಂಡಿ, ಉಪ್ಪು ಕಲಸಿ ಹತ್ತು ನಿಮಿಷ ಬಿಡು. ರೊಟ್ಟಿ ಮುಟಗಿಯ ತಮ್ಮ.

ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರ್‌ಗೆ ಒಂದು. ಅಳತೆ ತಪ್ಪಿಸಬೇಡ. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದರೆ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ.

ಮುಲುಂಡ್ ಬ್ರೆವೆ · ಫೆಬ್ರವರಿ 5, ಬೆಳಿಗ್ಗೆ 10:00

ಇಷ್ಟೆಲ್ಲ ಮಾತು ಸಾಕು. ಮೊದಲು ಇಲ್ಲೇ ಮಾಡಿ ನೋಡಿ. ಪುಣೆಯಿಂದ ಗೋವಾಕ್ಕೆ, ಹೆದ್ದಾರಿ ಬಿಟ್ಟು, ಸಹ್ಯಾದ್ರಿಯ ಒಳದಾರಿಯಲ್ಲಿ. ವಡಾಪಾವ್ ಅಂಗಡಿ ಕಂಡರೂ ನಿಲ್ಲಬಾರದು, ಶೀಟ್‌ನಲ್ಲಿ ಗುರುತು ಹಾಕಿದ ಊರಿನಲ್ಲಿ ಮಾತ್ರ ಖರೀದಿ.

ಕೋಥರೂಡ್ ಸೈಕಲ್ಲು · ಫೆಬ್ರವರಿ 24, ರಾತ್ರಿ 11:15

ಹೋಗಿ ಬಂದೆ. ಭೋರ್, ಮಹಾಬಳೇಶ್ವರ, ತಾಪೋಳಾ, ಪಾಟಣ, ಗಗನಬಾವಡಾ, ರಾಧಾನಗರಿ, ಆಂಬೋಲಿ, ಗೋವಾ. ಐದು ದಿನ.

ಮೊದಲ ಪೆಟ್ಟು ತಾಪೋಳಾದಲ್ಲಿ. ಕೊಯ್ನಾ ಹಿನ್ನೀರು ದಾಟಲು ಬಾರ್ಜ್ ಇದೆ ಅಂತ ಶೀಟ್‌ನಲ್ಲಿ ಬರೆದಿದ್ದೆ. ಮಹಾಬಳೇಶ್ವರದಲ್ಲಿ ಸ್ಟ್ರಾಬೆರಿ ತಿನ್ನುತ್ತಾ ಕೂತು ತಡವಾಯಿತು. ಇಳಿಜಾರಿನಲ್ಲಿ ಹಾರಿಕೊಂಡು ಬಂದರೂ ಕತ್ತಲಾಗಿತ್ತು. ಬಾರ್ಜ್ ದಡಕ್ಕೆ ಕಟ್ಟಿದೆ, ಒಬ್ಬರೂ ಇಲ್ಲ. ನೀರಿನ ಸದ್ದು, ಒಂದು ನಾಯಿ. ಕಿರಾಣಿ ಅಂಗಡಿಯ ಶಟರ್ ಮುಚ್ಚಿದೆ, ಸಂದಿಯಿಂದ ಟಿವಿ ಧಾರಾವಾಹಿ ಕೇಳುತ್ತಿದೆ. ಬಡಿಯಲಾ ಬೇಡವಾ ಅಂತ ಹತ್ತು ನಿಮಿಷ ನಿಂತೆ. ಬಡಿದೆ. ಆ ತಾಯಿ ಬಾಗಿಲು ತೆರೆದು ನನ್ನನ್ನು, ಸೈಕಲ್ಲನ್ನು ನೋಡಿ, 'ಜೇವ್ಲಾಸ್ ಕಾ?' ಅಂದರು. ಊಟ ಆಯ್ತಾ ಅಂತ. ಬಾಕ್ರಿ, ಪಿಠ್ಲಾ ಹಾಕಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ಪ್ಯಾಕೆಟ್ ಬಿಸ್ಕೆಟ್, ಒಂದು ಶೇಂಗಾ ಚಿಕ್ಕಿ ಕೊಂಡೆ, ಅದಕ್ಕೆ ಮಾತ್ರ ತೆಗೆದುಕೊಂಡರು.

ಸಿಹಿ ಬೇಸರ ಮೂರನೇ ದಿನಕ್ಕೇ ಬಂತು. ಕರದಂಟು 700 ಗ್ರಾಂ ಒಯ್ದಿದ್ದೆ, 400 ವಾಪಸ್ ತಂದೆ. ಚಟ್ನಿ ಪುಡಿ ಮಾತ್ರ ಒಂದು ಚಿಟಿಕೆಯೂ ಉಳಿಯಲಿಲ್ಲ. ಗಗನಬಾವಡಾದಲ್ಲಿ 500 ರೂಪಾಯಿ ನೋಟಿಗೆ ಚಿಲ್ಲರೆ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಅಂಗಡಿಯವರು ಚಿಲ್ಲರೆ ಬದಲು ಹನ್ನೊಂದು ಪೊಟ್ಟಣ ಶೇಂಗಾ ಕೊಟ್ಟರು. ಅವನ್ನೇ ಆಂಬೋಲಿವರೆಗೆ ತಿಂದೆ.

ಮುಲುಂಡ್ ಬ್ರೆವೆ · ಫೆಬ್ರವರಿ 24, ರಾತ್ರಿ 11:40

ಪಿಠ್ಲಾ ಬಾಕ್ರಿ ಲೆಕ್ಕಕ್ಕಿಲ್ಲ! ಅದು ಹೊರಗಿನ ಸಹಾಯ. ರೇಸ್‌ನಲ್ಲಾದರೆ ನಿಯಮ ಮುರಿದ ಹಾಗೆ.

ಪಣಜಿ ಪೆಡಲ್ · ಫೆಬ್ರವರಿ 25, ಬೆಳಿಗ್ಗೆ 7:05

ಇಲ್ಲ ಬಿಡಿ. ಮೊದಲೇ ಫೋನ್ ಮಾಡಿ, ಬರುತ್ತೇನೆ, ಅಡುಗೆ ಮಾಡಿಡಿ ಅಂತ ಪರಿಚಯದವರಿಗೆ ಹೇಳಿದ್ದರೆ ತಪ್ಪು. ದಾರಿಯಲ್ಲಿ ತಾನಾಗಿ ಸಿಕ್ಕ ಔದಾರ್ಯ ಬೇರೆ. ಅಲ್ಲಿ ಅದನ್ನು ಟ್ರೇಲ್ ಮ್ಯಾಜಿಕ್ ಅನ್ನುತ್ತಾರೆ. ಆದರೆ ಅದನ್ನು ಶೀಟ್‌ನಲ್ಲಿ ಬರೆಯಬೇಡಿ. ಗ್ರೇಟ್ ಬೇಸಿನ್‌ನಲ್ಲಿ ಬಡಿಯಲು ಬಾಗಿಲೇ ಇಲ್ಲ.

ಮಾಟುಂಗಾ ಮಾಣಿ · ಫೆಬ್ರವರಿ 25, ಮಧ್ಯಾಹ್ನ 3:20

ಆ ತಾಯಿಗೆ ನನ್ನದೊಂದು ನಮಸ್ಕಾರ. ಅಲ್ಲ, ಕತ್ತಲಾದ ಮೇಲೆ ಗಿರಾಕಿ ಬಂದರೆ ನಾನು ಬಾಗಿಲು ತೆಗೆಯುತ್ತೇನಾ ಅಂತ ಯೋಚನೆ ಮಾಡುತ್ತಿದ್ದೇನೆ. ಕೊನೇ ದೋಸೆ ಹೋದ ಮೇಲೆ ಬಂದವರಿಗೆ ಕಾಫಿಯೂ ಇಲ್ಲ ಅಂದವನು ನಾನು.

ಕೋಥರೂಡ್ ಸೈಕಲ್ಲು · ಫೆಬ್ರವರಿ 26, ರಾತ್ರಿ 9:00

ಶೀಟ್ ಹೊಸದಾಗಿ ಮಾಡಿದೆ. ಏರಿನ ಕಾಲಂ ತೆಗೆದೆ, ಹತ್ತುವುದಂತೂ ಹತ್ತಲೇಬೇಕು. ಈಗ ಇರುವುದು: ಊರು, ಎಷ್ಟು ಗಂಟೆ ದಾರಿ, ಎಷ್ಟಕ್ಕೆ ಮುಚ್ಚುತ್ತದೆ, ಯಾವ ವಾರ ರಜೆ, ಮುಚ್ಚಿದ್ದರೆ ಮುಂದೆ ಎಲ್ಲಿ. ಎಪ್ಪತ್ತರಲ್ಲಿ ಕೆಂಪು ಬಣ್ಣ ಹಚ್ಚಿದ್ದು ಐದು ಸಾಲಿಗೆ ಮಾತ್ರ. ಗ್ರಾಂಟ್ಸ್‌ನ ಎದುರಿಗೆ ದಪ್ಪಕ್ಷರದಲ್ಲಿ ಬರೆದಿದ್ದೇನೆ: ಇಲ್ಲೇ ಎರಡು ಕೆಜಿ ತಗೋ, ಪೈ ಆಸೆ ಬೇಡ.

ಅಕ್ಕ, ಚಟ್ನಿ ಪುಡಿ ಅರ್ಧ ಕೆಜಿ ಮಾಡಿಕೊಡುತ್ತೀರಾ? ಶೇಂಗಾದ್ದು ಜಾಸ್ತಿ, ಗುರೆಳ್ಳಿನದು ಸ್ವಲ್ಪ. ಬೆಳ್ಳುಳ್ಳಿ ಬೇಡ, ಕರಡಿ ಇದೆ.

ಚಿಂಚವಡದ ಅಕ್ಕ · ಫೆಬ್ರವರಿ 26, ರಾತ್ರಿ 9:25

ಮೇ ಕೊನೆಗೆ ಮಾಡುತ್ತೇನೆ, ಈಗ ಮಾಡಿದರೆ ಮುಗ್ಗುತ್ತದೆ. ಡಬ್ಬಿ ನೀನೇ ತಾ. ಹೋದ ಸಲ ಒಬ್ಬರು ಒಯ್ದ ಡಬ್ಬಿ ಇನ್ನೂ ಬಂದಿಲ್ಲ.

ಪಣಜಿ ಪೆಡಲ್ · ಫೆಬ್ರವರಿ 26, ರಾತ್ರಿ 10:10

ಸಾಮಾನಿನ ಪಟ್ಟಿಗೆ ಒಂದು ಸೇರಿಸಿ. ಟೈರ್ ಲಿವರ್ ಎರಡು ಇಟ್ಟುಕೊಳ್ಳಿ. ಒಂದು ಟೈರಿಗೆ.